ಎಂಟು ಮಿಲಿಮೀಟರ್ ಪ್ಲೇಟು

ಟೀಚರ್, ಆ ದಿನ ನೇತ್ರಾಣಿ ದ್ವೀಪದ ಸಮುದ್ರದಲ್ಲಿ ನೀವು ತಳಕ್ಕೆ ಹೋದದ್ದು ಹೆದರಿಕೆಯಿಂದಲ್ಲ. ನಿಮ್ಮ ಬೆನ್ನಿಗೆ ನಾನು ಕಟ್ಟಿಸಿದ್ದ ಉಕ್ಕಿನ ಪ್ಲೇಟು ಇರಬೇಕಾದ ತೂಕಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಭಾರವಿತ್ತು. ಅದು ನನಗೆ ಗೊತ್ತಿತ್ತು. ದೋಣಿ ಹತ್ತುವ ಮೊದಲೇ ಗೊತ್ತಿತ್ತು. ಎಂಟು ವರ್ಷದಿಂದ ಗೊತ್ತಿದೆ.

ಇದನ್ನು ತುಳುವಿನಲ್ಲಿ ನಿಮ್ಮೆದುರು ಹೇಳಬೇಕಿತ್ತು. ಆದರೆ ತುಳುವಿನಲ್ಲಿ ಬಾಯಿ ತೆರೆದರೆ ನಾನು ತಮಾಷೆಗೆ ಇಳಿದುಬಿಡುತ್ತೇನೆ — ನನ್ನ ಸ್ವಭಾವ ನಿಮಗೆ ತಿಳಿಯದ್ದಲ್ಲ. ಅದಕ್ಕೇ ಶಾಲೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೂರು ಹಾಳೆ ಹರಿದು ಹಾಕಿ ಆಯಿತು. ಇದು ನಾಲ್ಕನೆಯದು.

ಕಳೆದ ಸೋಮವಾರ ನೀವು ಫೋನ್ ಮಾಡಿದಿರಲ್ಲ — "ದಿವಾಕರಣ್ಣ, ನಮ್ಮ ಮಗಳು ಶ್ರಾವ್ಯ ಡೈವಿಂಗ್ ಕಲಿತಿದ್ದಾಳೆ. ಭಾನುವಾರ ಸಮುದ್ರಕ್ಕೆ ಹೋಗ್ತಾಳಂತೆ. ನೀವು ಮಾಡಿಸಿಕೊಟ್ಟ ಪ್ಲೇಟ್, ವಿಂಗ್ ಎಲ್ಲ ಅಟ್ಟದಲ್ಲಿ ಹಾಗೇ ಉಂಟು, ಅವಳಿಗೆ ಕೊಡ್ತೇನೆ. ನನಗಂತೂ ಧೈರ್ಯ ಸಾಲಲಿಲ್ಲ, ಅವಳಾದ್ರೂ ಉಪಯೋಗ ಮಾಡ್ಲಿ." ನಾನು ಏನು ಹೇಳಿದೆ? "ಆಗ್ಲಿ ಟೀಚರ್, ಒಳ್ಳೇದಾಯ್ತು" ಎಂದೆ. ಒಳ್ಳೆಯದಾಯ್ತಂತೆ! ಫೋನ್ ಇಟ್ಟ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಅಂಗಳದಲ್ಲಿ ನಡೆದೆ, ಲಾಯಿಲದಿಂದ ಬೈಕಿನಲ್ಲಿ ನಿಮ್ಮ ಮನೆಗೆಂದು ಹೊರಟು ಅರ್ಧ ದಾರಿ, ವೇಣೂರಿನವರೆಗೆ ಬಂದೆ. ಅಲ್ಲಿ ಒಂದು ಚಾ ಕುಡಿದು ವಾಪಸ್ ಹೋದೆ. ಮಂಗಳವಾರವೂ ಹಾಗೆಯೇ. ಹೆಂಡತಿ ಕೇಳಿದಳು, "ಎಂತದು ನಿಮ್ಮದು, ದಿನಾ ವೇಣೂರಿಗೆ?" ಎಂದು.

ಹೇಗೆ ಶುರುವಾಯಿತು ಎಂದು ನಿಮಗೆ ನೆನಪಿರಬಹುದು. ನಾನು ಮಸ್ಕತ್‌ನ ಹೋಟೆಲು ಬಿಟ್ಟು ಊರಿಗೆ ಬಂದ ಹೊಸತು. ಅಲ್ಲಿ ರಜೆಯ ದಿನಗಳಲ್ಲಿ ಸಮುದ್ರಕ್ಕಿಳಿದು ಇಳಿದು, ಇಲ್ಲಿ ಬಂದವನಿಗೆ ಕೈಕಾಲು ಕಟ್ಟಿಹಾಕಿದ ಹಾಗಾಗಿತ್ತು. ನೀವು ಮೂಡುಬಿದಿರೆಯ ಈಜುಕೊಳದಲ್ಲಿ ಶಾಲೆಯ ಹುಡುಗಿಯರಿಗೆ ಈಜು ಕಲಿಸುತ್ತಿದ್ದಿರಿ. ಶಿರ್ತಾಡಿಯಿಂದ ಬೆಳಗಿನ ಬಸ್ಸಿಗೆ ಬಂದು, ಒದ್ದೆ ಕೂದಲಲ್ಲೇ ಕ್ಲಾಸಿಗೆ ಹೋಗುತ್ತಿದ್ದ ವಿಜ್ಞಾನದ ಟೀಚರ್. ನನ್ನ ಡೈವಿಂಗ್ ಕಥೆಗಳನ್ನು ನಂಬಿ ಕೇಳಿದವರು ನೀವೊಬ್ಬರೇ. ಕೇಳಿದ್ದಷ್ಟೇ ಅಲ್ಲ, ಮುರ್ಡೇಶ್ವರಕ್ಕೆ ಹೋಗಿ ಕೋರ್ಸನ್ನೂ ಮುಗಿಸಿ ಬಂದಿರಿ. ಬಂದವರ ಮುಖ ಇವತ್ತೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದೇ ಒಂದು ದೂರು ನಿಮ್ಮದು — "ಆ ಬಾಡಿಗೆ ಜಾಕೆಟ್ ನನಗೆ ದೊಡ್ಡದು ದಿವಾಕರಣ್ಣ. ಗಾಳಿ ತುಂಬಿದ್ರೆ ಕಿವಿಯವರೆಗೆ ಬರ್ತದೆ."

ನಾನು ಅದನ್ನೇ ಕಾಯುತ್ತಿದ್ದೆ. ಜಾಕೆಟ್ ಎಲ್ಲ ಟೂರಿಸ್ಟರಿಗೆ ಟೀಚರ್, ತಿಳಿದವರು ಹಾಕುವುದು ಬ್ಯಾಕ್‌ಪ್ಲೇಟು, ವಿಂಗು — ಎಂದು ಶುರು ಮಾಡಿದವನು ಒಂದು ಗಂಟೆ ಬಿಡಲಿಲ್ಲ. ಬೆನ್ನಿಗೆ ಲೋಹದ ಒಂದು ಹಲಗೆ, ಅದಕ್ಕೂ ಸಿಲಿಂಡರಿಗೂ ನಡುವೆ ವಿಂಗು ಎಂಬ ಗಾಳಿ ತುಂಬುವ ಚೀಲ, ಮೈಯ ಅಳತೆಗೆ ಕತ್ತರಿಸಿದ ಒಂದೇ ಉದ್ದನೆಯ ಪಟ್ಟಿ. ಚಿಕ್ಕ ಮೈಯವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಇಷ್ಟು ನಿಜ. ಈಗಲೂ ನಿಜ. ನಾನು ಕೊಟ್ಟ ಸಲಹೆಯಲ್ಲಿ ಸುಳ್ಳಿರಲಿಲ್ಲ. ಸುಳ್ಳು ಬಂದದ್ದು ಆಮೇಲೆ.

ವಿಂಗನ್ನೂ ಪಟ್ಟಿಯನ್ನೂ ಮಸ್ಕತ್‌ನಿಂದ ರಜೆಗೆ ಬರುತ್ತಿದ್ದ ಭಾವನ ಕೈಯಲ್ಲಿ ತರಿಸಿದೆ. ಎಂಟು ಕಿಲೋ ಎತ್ತುವ ಚಿಕ್ಕ ವಿಂಗು. ಪ್ಲೇಟು ಮೂರು ಕಿಲೋ, ಮೈ ತೇಲದೆ ನೀರಿಗಿಳಿಯಲೆಂದು ಸೊಂಟದ ಬೆಲ್ಟಿನಲ್ಲಿ ಮೂರು ಕಿಲೋ ಸೀಸ. ತೆಳು ಡೈವಿಂಗ್ ಸೂಟಿನ ನಿಮಗೆ ಅಷ್ಟು ಸಾಕು ಎಂದು ಕೂತು ಲೆಕ್ಕ ಹಾಕಿಯೇ ಆರಿಸಿದ್ದು. ಪ್ಲೇಟನ್ನೂ ತರುತ್ತೇನೆ ಎಂದ ಭಾವ. ನಾನೇ ಬೇಡವೆಂದೆ. ಗಲ್ಫಿನಿಂದ ಬರುವವರ ಲಗೇಜು ಅಂದರೆ ನಿಮಗೆ ಗೊತ್ತಲ್ಲ — ಖರ್ಜೂರ, ಹಾಲಿನ ಪುಡಿ, ಕಂಬಳಿ, ನೆರೆಮನೆಯವರ ಸೆಂಟು. ಅದರೊಳಗೆ ಕಬ್ಬಿಣ ಬೇರೆ ಹೊತ್ತು ತರುವುದೇ? ನಮ್ಮ ಬಿ.ಸಿ.ರೋಡಿನಲ್ಲಿ ಕಬ್ಬಿಣಕ್ಕೆ ಬರವೇ? ಅಲ್ಲಿ ಗೇಟು, ಮೆಟ್ಟಿಲು, ನೀರಿನ ಟ್ಯಾಂಕಿನ ಸ್ಟ್ಯಾಂಡು ಮಾಡುವ ಗ್ರೆಗರಿಗೆ ರಟ್ಟಿನಲ್ಲಿ ಅಳತೆ ಕತ್ತರಿಸಿ ಕೊಟ್ಟೆ. ಮೂರು ಮಿಲಿಮೀಟರ್ ಸ್ಟೀಲು ಎಂದು ಬಾಯಲ್ಲಿ ಹೇಳಿದೆ. ಬರೆದು ಕೊಡಲಿಲ್ಲ.

ಗ್ರೆಗರಿ ಎಂಟು ಮಿಲಿಮೀಟರಿನಲ್ಲಿ ಮಾಡಿದ. ಬಗ್ಗಿಸಲಾಗದೆ ಮೂರು ತುಂಡು ಮಾಡಿ ವೆಲ್ಡ್ ಹೊಡೆದಿದ್ದ. ಯಾಕೆ ಎಂದು ನಾನು ಕೇಳಿದ್ದಕ್ಕೆ ಅವನಿಗೇ ಆಶ್ಚರ್ಯ. "ಮೂರು ಮಿಲಿಮೀಟರಿಗೆ ಎಂತ ಬಲ ಉಂಟು ಮಾರಾಯ? ಹೆಂಗಸರು ಬೆನ್ನಿಗೆ ಹಾಕುವಂಥದ್ದು ಅಂತ ನೀನೇ ಹೇಳಿದ್ದಲ್ಲವಾ, ಗಟ್ಟಿ ಇರ್ಲಿ. ಮಕ್ಕಳ ಕಾಲಕ್ಕೂ ಬರ್ತದೆ." ಅವನದು ತಪ್ಪಲ್ಲ. ನಮ್ಮ ಕಡೆ ಯಾರು ಕೊಟ್ಟರೂ ಸ್ವಲ್ಪ ದಪ್ಪವೇ ಕೊಡುತ್ತಾರೆ, ತೆಳು ಕೊಟ್ಟರೆ ಮೋಸ ಮಾಡಿದ ಹಾಗೆ. ಎದುರಿನ ಅಡಿಕೆ ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡಿದೆ. ಏಳೂವರೆ ಕಿಲೋ.

ಆಗಲೇ ಅದನ್ನು ಅಲ್ಲೇ ಬಿಟ್ಟು ಬರಬೇಕಿತ್ತು. ಬೇರೆ ಮಾಡಿಸಬೇಕಿತ್ತು — ಇಲ್ಲವೇ ನಿಮಗೆ ನಿಜ ಹೇಳಿ, ಈ ಸಲ ಬಾಡಿಗೆ ಜಾಕೆಟ್ಟೇ ಇರಲಿ ಅನ್ನಬೇಕಿತ್ತು. ಆದರೆ ಅಷ್ಟರಲ್ಲಿ ನೀವೇ ಅದನ್ನು ನೋಡಲು ಬಸ್ಸಿಳಿದು ಬಂದಿರಿ. ಎರಡು ಕೈಯಲ್ಲಿ ಪ್ಲೇಟು ಎತ್ತಿ, "ಎಷ್ಟು ಚಂದ ಉಂಟು, ಗಟ್ಟಿ ಉಂಟು" ಎಂದಿರಿ. ಟೂರಿಸ್ಟರ ಜಾಕೆಟನ್ನು ಅಷ್ಟು ಹೀಗಳೆದವನು, ಮಸ್ಕತ್ ಮಸ್ಕತ್ ಎಂದು ಕೊಚ್ಚಿಕೊಂಡವನು — ಅಳತೆ ತಪ್ಪಿತು ಎಂದು ಹೇಗೆ ಹೇಳಲಿ? "ನೀರಿಗಿಳಿದ ಮೇಲೆ ಭಾರ ಗೊತ್ತಾಗುದಿಲ್ಲ ಟೀಚರ್" ಎಂದೆ. ಬೆಲ್ಟಿನ ಸೀಸ ತೆಗೆದುಬಿಟ್ಟರೆ ಸರಿಹೋಗುತ್ತದೆ ಎಂದು ಒಳಗೊಳಗೇ ಸಮಾಧಾನ ಮಾಡಿಕೊಂಡೆ. ಹಾಗೆ ಮಾಡಿದ್ದರೆ ಹೆಚ್ಚುಕಡಿಮೆ ಸರಿಯೇ ಆಗುತ್ತಿತ್ತು. ನನ್ನನ್ನು ಕೊರೆಯುವುದು ಅದೇ.

ದೋಣಿಯಲ್ಲಿ ಡೈವ್ ನಡೆಸುವ ಹುಡುಗ, ಸಿಲಿಂಡರಿಗೆ ಕಟ್ಟಿಯಾಗಿದ್ದ ಪ್ಲೇಟನ್ನು ಬಗ್ಗಿ ನೋಡಿದ. ವೆಲ್ಡಿನ ಗೆರೆಯ ಮೇಲೆ ಬೆರಳಾಡಿಸಿದ. ಪಕ್ಕದಲ್ಲಿ ಬೆಂಗಳೂರಿನಿಂದ ಬಂದ ಆರು ಜನ ಕೂತಿದ್ದರು. "ಊರಲ್ಲಿ ಮಾಡಿಸಿದ್ದಾ ಸಾರ್? ಎಷ್ಟು ತೂಕ?" ಎಂದ. ಅವರೆಲ್ಲ ನನ್ನ ಮುಖ ನೋಡಿದರು. ನೀವೂ ನೋಡಿದಿರಿ.

"ಮಾಮೂಲು. ಮೂರು ಕಿಲೋ" ಎಂದೆ.

ಅಷ್ಟೇ ಟೀಚರ್. ಮೂರು ಶಬ್ದ. ಅವನು ಅದನ್ನು ನಂಬಿ ನಿಮ್ಮ ಸೊಂಟಕ್ಕೆ ಮೂರು ಕಿಲೋ ಸೀಸ ಕಟ್ಟಿದ. ಇಳಿಯುವ ಮೊದಲು ಮೇಲೆ ತೇಲಿ ತೂಕ ಸರಿ ಉಂಟಾ ನೋಡುವ ಎಂದ. ಅದೆಲ್ಲ ಕೊಳದಲ್ಲಿ ಮಾಡಿ ಆಗಿದೆ ಎಂದೆ. ಆಗಿರಲಿಲ್ಲ. ನಾನು ಪಕ್ಕದಲ್ಲೇ ಇರುತ್ತೇನಲ್ಲ, ಏನಾಗುತ್ತದೆ ಎಂದುಕೊಂಡೆ.

ನೀವು ಇಳಿದ ವೇಗಕ್ಕೆ ನಾನು ಪಕ್ಕದಲ್ಲಿರಲು ಆಗಲೇ ಇಲ್ಲ. ನಾನು ಬರುವಷ್ಟರಲ್ಲಿ ನೀವು ತಳದ ಬಂಡೆಯ ಮೇಲೆ ನಿಂತಿದ್ದಿರಿ. ವಿಂಗು ಪೂರ್ತಿ ಉಬ್ಬಿತ್ತು, ಆದರೂ ನೀವು ಮೇಲೇಳುತ್ತಿರಲಿಲ್ಲ. ನಾನು ನಿಮ್ಮ ಬೆಲ್ಟಿನ ಬಕಲ್ ಬಿಚ್ಚಿದೆ. ಸೀಸ ಕೆಳಗೆ ಬಿತ್ತು, ನೀವು ಏಳತೊಡಗಿದಿರಿ. ಬಿಚ್ಚಿದ್ದು ನಾನು — ಅದನ್ನೂ ನಾನು ಹೇಳಲಿಲ್ಲ. ದೋಣಿಯಲ್ಲಿ ಆ ಹುಡುಗ, "ಮೇಡಂ ಪ್ಯಾನಿಕ್ ಆಗಿ ಬೆಲ್ಟ್ ಬಿಚ್ಚಿದ್ರಾ?" ಎಂದು ಕೇಳಿದಾಗ ನಾನು ತಲೆಯಾಡಿಸಿದೆ. ನೀವು ಎಡಕಿವಿ ಹಿಡಿದುಕೊಂಡು ಕೂತಿದ್ದಿರಿ. ಅಷ್ಟು ಬೇಗ ಇಳಿದ ನೀರಿನ ಒತ್ತಡಕ್ಕೆ ಕಿವಿಯ ಪೊರೆ ಹರಿದು ಬೆರಳಿನ ಸಂದಿಯಲ್ಲಿ ರಕ್ತವಿತ್ತು. ಆ ಸ್ಥಿತಿಯಲ್ಲೂ ನೀವು ಸರಿಯಾದದ್ದನ್ನೇ ಕೇಳಿದಿರಿ — "ದಿವಾಕರಣ್ಣ, ಪ್ಲೇಟ್ ಸ್ವಲ್ಪ ಭಾರ ಆಯ್ತೋ ಎಂತ?"

"ಪ್ಲೇಟಿಗೆ ಎಂತ ಆಗ್ಲಿಕ್ಕುಂಟು ಟೀಚರ್. ಮೊದಲ ಸಲ ಕಲಿಸುವವರು ಕೈ ಹಿಡ್ಕೊಂಡಿದ್ರು. ಈ ಸಲ ಒಬ್ರೇ ಇಳಿದ್ರಿ, ಹೆದರಿದ್ರಿ. ಅಷ್ಟೇ."

ನೀವು ನಂಬಿದಿರಿ. ನಂಬದೆ ಏನು ಮಾಡುತ್ತೀರಿ, ಸಮುದ್ರದ ವಿಷಯದಲ್ಲಿ ನಾನೇ ನಿಮಗೆ ಪ್ರಮಾಣವಾಗಿದ್ದೆ. ನಾನು ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಬೆಳ್ತಂಗಡಿಯ ಒಂದು ಮದುವೆಯ ಊಟದಲ್ಲಿ, ಎಲೆಯ ಎದುರು ಕೂತು, ಟೀಚರ್ ಅರೆಯುವ ಕಲ್ಲಿನ ಹಾಗೆ ಇಳಿದ ಕಥೆ ಹೇಳಿ ಸಾಲಿಡೀ ನಗಿಸಿದೆ. "ಆಮೇಲೆ ಪ್ಲೇಟ್ ಭಾರ ಅಂತಾರೆ. ಕುಣಿಯಲಾರದವಳಿಗೆ ನೆಲ ಡೊಂಕು!" ಎಂದೆ. ನೀವು ಎದುರು ಸಾಲಿನಲ್ಲಿದ್ದಿರಿ. ನೀವೂ ನಕ್ಕಿರಿ, ಬಲಕಿವಿಯನ್ನು ನಮ್ಮ ಕಡೆಗೆ ತಿರುಗಿಸಿಕೊಂಡು. ಎಡಕಿವಿ ಆಗಲೇ ಮಂದವಾಗಿತ್ತು.

ಸಮುದ್ರ ಬಿಟ್ಟಿರಿ, ಅದು ಹೋಗಲಿ ಅಂದುಕೊಂಡೆ. ಆದರೆ ಮುಂದಿನ ವರ್ಷ ನೀವು ಕೊಳಕ್ಕೂ ಹೋಗುವುದನ್ನು ನಿಲ್ಲಿಸಿದಿರಿ ಎಂದು ಸುದ್ದಿ ಬಂತು. ಯಾಕೆ ಎಂದು ಕೇಳಿದ್ದಕ್ಕೆ ನೀವು ಹೇಳಿದ ಮಾತು — "ನೀರಲ್ಲಿ ಬುದ್ಧಿ ಕಳ್ಕೊಳ್ಳುವವಳು ಬೇರೆಯವರ ಮಕ್ಕಳ ಜವಾಬ್ದಾರಿ ತಕ್ಕೊಳ್ಳಬಾರದು ದಿವಾಕರಣ್ಣ." ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಬಹಳ ಸಹಜವಾಗಿ ಹೇಳಿದಿರಿ. ನಿಮ್ಮ ಬಸ್ಸು ಬಂತು, ಹತ್ತಿದಿರಿ. ಎಷ್ಟು ಹುಡುಗಿಯರು ನಿಮ್ಮ ಕೈಯಲ್ಲಿ ಈಜು ಕಲಿಯಬೇಕಿತ್ತೋ — ಆ ಲೆಕ್ಕ ಹಾಕಲು ಹೋದರೆ —

ಇವತ್ತು ಶುಕ್ರವಾರ. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಿಗ್ಗೆ ನಿಮ್ಮ ಮನೆಗೆ ತರುತ್ತೇನೆ. ವೇಣೂರಿನಲ್ಲಿ ಚಾ ಕುಡಿಯಲು ನಿಲ್ಲುವುದಿಲ್ಲ. ನೀವು ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತೇನೆ. ಅಡಿಕೆ ತೂಗುವ ಕೊಕ್ಕೆಯ ತಕ್ಕಡಿಯನ್ನೂ ತರುತ್ತೇನೆ. ಶ್ರಾವ್ಯನೇ ಪ್ಲೇಟು ತೂಗಿ ನೋಡಲಿ, ನನ್ನ ಮಾತನ್ನು ಯಾರೂ ನಂಬಬೇಕಾಗಿಲ್ಲ. ಆಮೇಲೆ ಆ ಪ್ಲೇಟನ್ನು ನಾನು ವಾಪಸ್ ಒಯ್ಯುತ್ತೇನೆ. ಹೋಗು ಅಂದರೆ ಹೋಗುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ, ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ ಎಂಬ ಭಯ ನನಗಿದೆ.

ಇನ್ನೊಂದು ಉಳಿದಿದೆ, ಅದನ್ನು ಬರೆಯದೆ ಪತ್ರ ಮುಗಿಯುವುದಿಲ್ಲ. ಆ ದಿನ ತಳದಲ್ಲಿ ನಾನು ನಿಮ್ಮ ಹತ್ತಿರ ಬಂದಾಗ ನೀವು ಒದ್ದಾಡುತ್ತಿರಲಿಲ್ಲ. ಎಡಗೈ ವಿಂಗಿಗೆ ಗಾಳಿ ತುಂಬುವ ಗುಂಡಿಯ ಮೇಲಿತ್ತು. ಉಸಿರಿನ ಗುಳ್ಳೆಗಳು ನಿಧಾನವಾಗಿ, ಒಂದಾದ ಮೇಲೊಂದು ಮೇಲೆ ಹೋಗುತ್ತಿದ್ದವು. ನನ್ನನ್ನು ನೋಡಿ ನೀವು ಬಲಗೈ ಚಾಚಿ, ಅಂಗೈಯನ್ನು ಅತ್ತಿತ್ತ ವಾಲಿಸಿದಿರಿ — ‘ಏನೋ ತೊಂದರೆ ಉಂಟು’ ಎಂದು. ಕೋರ್ಸಿನಲ್ಲಿ ಕಲಿಸಿದ ಹಾಗೆಯೇ, ಕಿವಿಯಲ್ಲಿ ರಕ್ತ ಬರುತ್ತಿದ್ದರೂ. ನೀವು ಅದನ್ನು ಮರೆತಿರಬಹುದು, ನಾನು ಮರೆಯುವಂತೆ ಮಾಡಿರಬಹುದು. ನೋಡಿದವನು ನಾನೊಬ್ಬನೇ. ನಾಳೆ ನಿಮ್ಮ ಮಗಳ ಎದುರು ಆ ಸನ್ನೆಯನ್ನು ಮಾಡಿ ತೋರಿಸುತ್ತೇನೆ.