ಪೈಪಿಗೆ ಭಾರ ಬಿಡದ ಹುಡುಗಿ

ಗದಗಿನಲ್ಲಿ ನೃತ್ಯ ಕಲಿಯುವ ಹುಡುಗಿಯರ ಹೆಜ್ಜೆ ಓಣಿಯ ಆಚೆ ತುದಿಗೂ ಕೇಳುತ್ತದೆ. ಬೆಂಗಳೂರಿನ ಸಹಕಾರನಗರಕ್ಕೆ ಬಂದ ಮೊದಲ ವಾರ ನಾನು ಕಂಡದ್ದು ಬೇರೆ. ಟೈಲ್ಸ್ ಅಂಗಡಿಯ ಮೇಲಿನ ಗಾಜಿನ ಕೋಣೆಯಲ್ಲಿ ಹುಡುಗಿಯರು ಗೋಡೆಗೆ ಜಡಿದ ಕಂಬಿ ಹಿಡಿದು, ಎರಡೂ ಪಾದಗಳನ್ನು ಹೊರಕ್ಕೆ ತಿರುಗಿಸಿ, ಸದ್ದೇ ಇಲ್ಲದೆ ಮೊಣಕಾಲು ಮಡಚಿ ಏಳುತ್ತಿದ್ದರು. ಗೆಜ್ಜೆ ಇಲ್ಲ, ತಾಳ ಇಲ್ಲ, ಯಾರ ಮುಖದಲ್ಲೂ ನಗು ಇಲ್ಲ. ಕಾಲು ಮುರಿದವರಿಗೆ ವ್ಯಾಯಾಮ ಮಾಡಿಸುವ ದವಾಖಾನೆ ಇರಬೇಕು ಎಂದುಕೊಂಡೆ.

"ಅವ್ವಾ, ಅದು ಬ್ಯಾಲೆ," ಎಂದಳು ಮಗಳು ಮೇಘಾ. "ನಾನೂ ಕಲೀತೀನಿ."

ಯಲಹಂಕದ ಕಾಲೇಜೊಂದರಲ್ಲಿ ನನಗೆ ರಸಾಯನಶಾಸ್ತ್ರ ಕಲಿಸುವ ಕೆಲಸ ಸಿಕ್ಕಿ ನಾವಿಬ್ಬರು ಇಲ್ಲಿಗೆ ಬಂದೆವು. ಗಂಡ ಗದಗಿನಲ್ಲೇ ಔಷಧಿ ಅಂಗಡಿ ನೋಡಿಕೊಂಡಿದ್ದಾರೆ. ನಮ್ಮದು ಜಯಮ್ಮನವರ ಮನೆಯ ಮೇಲಿನ ಮಹಡಿ. ಅವರು ಕೊಡಿಗೇಹಳ್ಳಿಯ ಹಳೆಯ ಒಕ್ಕಲು ಮನೆತನದವರು. ಈಗ ಹೊಲವಿಲ್ಲ, ಬಾಡಿಗೆ ಮನೆಗಳಿವೆ. "ನೀನ್ ಮಲಗೋ ರೂಮೈತಲ್ಲ, ಅಲ್ಲೇ ಕಣವ್ವ ನಾವು ರಾಗಿ ಕಣ ಮಾಡ್ತಿದ್ದಿದ್ದು," ಎಂದು ಬಂದ ದಿನವೇ ಹೇಳಿದರು. ನನ್ನ ಹಾಸಿಗೆಯ ಮೇಲೂ ಅವರಿಗೆ ನನಗಿಂತ ಹಳೆಯ ಹಕ್ಕಿದೆ ಅನ್ನಿಸಿತು.

ಅವರ ಮೊಮ್ಮಗಳು ಲಿಖಿತಾ ಮೇಘಾಳ ವಾರಿಗೆಯವಳು. ಅದೇ ಗಾಜಿನ ಕೋಣೆಯಲ್ಲಿ ಚಿಕ್ಕಂದಿನಿಂದ ಕಲಿಯುತ್ತಿದ್ದಳು. ಮೇಘಾಳನ್ನೂ ಅಲ್ಲೇ ಸೇರಿಸಿದೆ. ನನ್ನ ಹೊಟ್ಟೆಯುರಿ ಶುರುವಾದದ್ದು ಇಲ್ಲಿಂದ.

ಆ ಕಂಬಿಗೆ ಅವರು ಬಾರ್ ಅನ್ನುತ್ತಾರೆ. ಬಾರ್ ಇರುವುದು ಆತುಕೊಳ್ಳಲಿಕ್ಕಲ್ಲ, ಬೆರಳಿಟ್ಟುಕೊಳ್ಳಲಿಕ್ಕೆ ಅನ್ನುವುದು ಟೀಚರ್ ದಿನವೂ ಹೇಳುವ ಮಾತು. ಕಾಲ್ಬೆರಳ ತುದಿಯಲ್ಲಿ ನಿಂತು ಕುಣಿಯಲು ಗಟ್ಟಿ ಮೂತಿಯ ಬೇರೆ ಶೂಗಳಿವೆ. ಕಣಕಾಲು, ಹೊಟ್ಟೆ, ಬೆನ್ನು ಗಟ್ಟಿಯಾಗುವವರೆಗೆ ಅವನ್ನು ಮುಟ್ಟಿಸುವುದಿಲ್ಲ. ಮೇಘಾ ಸೇರಿ ಕೆಲವು ವರ್ಷ ಕಳೆದು, ಈ ವರ್ಷ ಲಿಖಿತಾಗೆ ಆ ಶೂ ಸಿಕ್ಕಿತು, ಮೇಘಾಗೆ ಸಿಗಲಿಲ್ಲ. ಮೇಘಾ ಒಂದೇ ವರ್ಷದಲ್ಲಿ ನನ್ನ ಭುಜ ದಾಟಿ ಬೆಳೆದಿದ್ದಳು. "ಮೂಳೆ ಮುಂದೆ ಓಡಿದೆ, ಸ್ನಾಯು ಇನ್ನೂ ಹಿಂದಿದೆ. ಸ್ವಲ್ಪ ದಿನ ಅವಳ ಕಾಲು ಅವಳ ಮಾತೇ ಕೇಳಲ್ಲ. ಕಾಯೋಣ," ಎಂದರು ಟೀಚರ್. ಲಿಖಿತಾಳ ಮೂಳೆ ಯಾಕೆ ಓಡಲಿಲ್ಲ ಎಂದು ನಾನು ಕೇಳಲಿಲ್ಲ. ಆದರೆ ಬಸ್ಸಿನಲ್ಲಿ, ಪ್ರಯೋಗಾಲಯದಲ್ಲಿ, ಅನ್ನಕ್ಕಿಟ್ಟು ನಿಂತಾಗ ಅದನ್ನೇ ಕೇಳಿಕೊಳ್ಳುತ್ತಿದ್ದೆ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತೇನೋ. ಮೇಘಾ ಊಟಕ್ಕೂ ಕೆಳಗೆ ಅವರ ಮನೆಯಲ್ಲೇ ಕೂರತೊಡಗಿದಳು. ಊರಿಂದ ಬಸ್ಸಿಗೆ ಹಾಕಿ ಕಳಿಸಿದ ಖಡಕ್ ರೊಟ್ಟಿ ಡಬ್ಬಿಯಲ್ಲೇ ಉಳಿಯಿತು; ಮುದ್ದೆಯನ್ನು ಅಗಿಯದೆ ನುಂಗುವುದನ್ನು ಜಯಮ್ಮ ಅವಳಿಗೆ ಕಲಿಸಿದರು. ಲಿಖಿತಾ ಮಾತ್ರ ಮೇಲೆ ಬಂದು ನನ್ನ ರೊಟ್ಟಿ ಮುರಿದು, "ಆಂಟಿ, ಇದು ಹಪ್ಪಳಾನಾ?" ಅಂದಳು. ಮೇಘಾ ಅವಳೆದುರು ನನ್ನನ್ನು ಅಮ್ಮ ಅನ್ನುತ್ತಾಳೆ. ಜ್ವರ ಬಂದಾಗ ಮಾತ್ರ ಅವ್ವ.

ಈಗ ಆ ಭಾನುವಾರದ ಮಾತು.

ಜಯಮ್ಮನವರು ನಮ್ಮ ತಲೆಯ ಮೇಲೆ ಇನ್ನೊಂದು ಮಹಡಿ ಕಟ್ಟಿಸುತ್ತಿದ್ದಾರೆ. ಅದಕ್ಕಾಗಿ ತಾರಸಿಯ ಒಂದು ಬದಿಯ ಅಡ್ಡಗೋಡೆ ಒಡೆದು, ಸದ್ಯಕ್ಕೆಂದು ಕಬ್ಬಿಣದ ಪೈಪೊಂದನ್ನು ಎರಡು ಕಂಬಗಳಿಗೆ ತಂತಿಯಿಂದ ಬಿಗಿದಿದ್ದರು. ಅದು ಸರಿಯಾಗಿ ಬಾರ್‌ನ ಎತ್ತರಕ್ಕಿತ್ತು. ಕೆಲಸದವರಿಲ್ಲದ ಭಾನುವಾರ, ಹುಡುಗಿಯರ ಕಣ್ಣಿಗೆ ಅದು ಬಾರ್ ಆಗಿಯೇ ಕಂಡಿತು. ನಾನು ಬಟ್ಟೆ ಒಣಹಾಕಲು ಹತ್ತಿದಾಗ ಇಬ್ಬರೂ ಮೆತ್ತನೆ ಶೂ ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದರು. ಮೇಘಾ ಪೈಪನ್ನು ಮುಷ್ಟಿಯಲ್ಲಿ ಹಿಡಿದು, ಮೈಯೆಲ್ಲ ಅದರ ಮೇಲೆ ಚೆಲ್ಲಿ ಹಿಮ್ಮಡಿ ಎತ್ತುತ್ತಿದ್ದಳು.

"ಲೇ, ಅದೇನ್ ಬಸ್ ಕಂಬಿ ಏನೇ?" ಲಿಖಿತಾ ನಕ್ಕಳು. "ಹೆಬ್ಬಾಳದಲ್ಲಿ ಇಳ್ಕೋತೀಯಾ?"

"ಬಿದ್ರೆ ನೀನ್ ಹಿಡ್ಕೋತೀಯಾ?"

"ನೀನ್ ಬಿದ್ರೆ ಬಿಲ್ಡಿಂಗೇ ಬೀಳತ್ತೆ ಕಣೇ."

ನನ್ನ ಮಗಳನ್ನು ಆಡಿಕೊಂಡಳೆಂದು ನನಗೆ ರೇಗಿತು. "ಮೇಘಾ, ಬಾ ಇಲ್ಲೆ, ಚಾದರದ ಆ ತುದಿ ಹಿಡಿ," ಎಂದು ಕರೆದೆ. ಅವಳು ಗೊಣಗುತ್ತ ಪೈಪು ಬಿಟ್ಟು ಬಂದಳು. ಒದ್ದೆ ಚಾದರವನ್ನು ನಾವಿಬ್ಬರೂ ಹಿಂಡುತ್ತಿದ್ದಾಗ ಅವಳ ಹೆಗಲಾಚೆ ಲಿಖಿತಾ ಕಾಣುತ್ತಿದ್ದಳು. ಎಡಗೈ ಪೈಪಿನ ಮೇಲೆ, ಅಂಚಿನ ಕಡೆಯ ಎಡಗಾಲು ಬೆರಳುಗಳ ಮೇಲೆ, ಬಲಗಾಲು ಗಾಳಿಯಲ್ಲಿ.

ತಂತಿ ಬಿಚ್ಚಿತು. ಪೈಪು ಅವಳ ಕೈ ಕೆಳಗಿನಿಂದ ಜಾರಿ ಹೊರಕ್ಕೆ ಹೋಯಿತು, ಮತ್ತೆ ಎರಡು ಮಹಡಿ ಕೆಳಗೆ, ಕಾಂಪೌಂಡಿನ ಕಲ್ಲಿಗೆ ಬಡಿದ ಸದ್ದು.

ಅವಳು ಹಾಗೇ ನಿಂತಿದ್ದಳು. ಒಂಟಿ ಕಾಲಿನ ಬೆರಳುಗಳ ಮೇಲೆ, ಬರಿಗಾಳಿಗೆ ಒಂದು ಗೇಣು ಈಚೆ, ಖಾಲಿ ಕೈ ಪೈಪಿದ್ದ ಎತ್ತರದಲ್ಲೇ. ನಾನು ಕೂಗಲಿಲ್ಲ, ಓಡಲಿಲ್ಲ, ಚಾದರವನ್ನೂ ಬಿಡಲಿಲ್ಲ. ಅವಳ ಎಡಗಾಲಿನ ಮೀನಖಂಡ ನಡುಗುವುದು ಕಂಡಿತು. ಆಮೇಲೆ ಬಲಗಾಲು ಇಳಿಯಿತು, ಹಿಮ್ಮಡಿ ಇಳಿಯಿತು, ಮೈಭಾರ ಒಳಗಡೆಗೆ ಸರಿಯಿತು. ಒಂದು ಹೆಜ್ಜೆ, ಮತ್ತೊಂದು ಹೆಜ್ಜೆ. ನೀರಿನ ಟ್ಯಾಂಕಿನ ಹತ್ತಿರ ಬಂದು ಕುಸಿದು ಕೂತಳು. "ಆಂಟಿ, ಐ ಆಮ್ ಓಕೆ," ಅಂದಳು, ನಾನು ಕೇಳದಿದ್ದರೂ.

ಅಂದಿನಿಂದ ಅದನ್ನೇ ತಿರುತಿರುಗಿ ನೋಡುತ್ತಿದ್ದೇನೆ. ಲಿಖಿತಾ ಪೈಪಿಗೆ ಭಾರ ಬಿಟ್ಟಿರಲಿಲ್ಲ, ಅದಕ್ಕೇ ಅದು ಅವಳನ್ನು ಎಳೆದುಕೊಂಡು ಹೋಗಲಿಲ್ಲ. ಅಲ್ಲಿ ಮೇಘಾ ಇದ್ದಿದ್ದರೆ ಎಂಬಲ್ಲಿಗೆ ಬಂದು ಪ್ರತಿಸಲವೂ ನಿಲ್ಲುತ್ತೇನೆ. ಆ ಹುಡುಗಿ ಬದುಕಿದ್ದಕ್ಕೆ ನೆಮ್ಮದಿ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಅವಳನ್ನು ಉಳಿಸಿದ ಆ ಕಾಲು ನನ್ನ ಮಗಳಿಗೆ ಇಲ್ಲವಲ್ಲ ಎಂಬ ಉರಿ ನೆಮ್ಮದಿಗಿಂತ ಮೊದಲು ಬರುತ್ತದೆ.

ಮಧ್ಯಾಹ್ನವೇ ಗಂಡನಿಗೆ ಫೋನ್ ಮಾಡಿದೆ. "ನಾವು ಊರಿಗಿ ಬಂದ್ಬಿಡ್ತೀವ್ರಿ. ಈ ಊರೂ ಬ್ಯಾಡ, ಈ ಕುಣಿತಾನೂ ಬ್ಯಾಡ."

"ಬಾ," ಎಂದರು. "ಅಂದ್ರ ನೌಕರಿ?"

"ಆಮ್ಯಾಲೆ ನೋಡೂಣು. ಮೇಘಾಗ ಸಂಜಿಮುಂದ ಹೇಳ್ತೀನಿ."

ಸಂಜೆ ಜಯಮ್ಮ ಎಲ್ಲರನ್ನೂ ಕೆಳಗೆ ಕರೆದರು. ಉಪ್ಪು, ಒಣಮೆಣಸಿನಕಾಯಿ ಹಿಡಿದು ಮೊಮ್ಮಗಳನ್ನು ಮಣೆಯ ಮೇಲೆ ಕೂರಿಸಿ ದೃಷ್ಟಿ ತೆಗೆದರು. ನಮ್ಮಲ್ಲೂ ತೆಗೆಯುತ್ತಾರೆ, ಆದರೆ ಬಾಯಿ ಬಿಡದೆ ತೆಗೆಯುತ್ತಿದ್ದರು ನಮ್ಮತ್ತೆ. ಇವರು ಹೆಸರು ಹಿಡಿದಂತೆ ಹೇಳುತ್ತ ಹೋದರು. "ಊರೋರ ಕಣ್ಣು, ಬಂದೋರ ಕಣ್ಣು, ನೆಂಟರ ಕಣ್ಣು, ಬಾಡಿಗೆಯೋರ ಕಣ್ಣು…" ನಾನು ಎದುರಿಗೇ ನಿಂತಿದ್ದೆ. ಅವರ ದನಿಯಲ್ಲಿ ಏನೂ ಇರಲಿಲ್ಲ, ಯಾವಾಗ ದೃಷ್ಟಿ ತೆಗೆದರೂ ಹಾಗೇ ಹೇಳುವವರು. ಮೆಣಸಿನಕಾಯಿ ಕೆಂಡಕ್ಕೆ ಬಿತ್ತು. ಘಾಟೇ ಬರಲಿಲ್ಲ.

"ನೋಡ್ದಾ? ಯಾರ್ದೋ ಬಲು ಕೆಟ್ಟ ಕಣ್ಣು ಕಣವ್ವ."

ನಾನು ಗೋಡೆ ಕಡೆಗೆ ಸರಿದು ನಿಂತೆ. ಮುಂದೆ ಮೇಘಾ ಕೂತಳು. ಅವಳ ಮೆಣಸಿನಕಾಯಿ ಬಿದ್ದದ್ದೇ ತಡ, ಎಲ್ಲರೂ ಕೆಮ್ಮುತ್ತ ಬಾಗಿಲಿಗೆ ಓಡಿದೆವು. "ಇಂಗೆ ಘಾಟು ಬಂದ್ರೆ ಏನೂ ತೊಂದ್ರೆ ಇಲ್ಲ. ನಿನ್ ಮಗಳ ಮೇಲೆ ಯಾರ ಕಣ್ಣೂ ಬಿದ್ದಿಲ್ಲ ಬಿಡು," ಎಂದು ಜಯಮ್ಮ ಸಮಾಧಾನ ಹೇಳಿದರು. ಸಮಾಧಾನ ಆಗಲಿಲ್ಲ. ಇಷ್ಟು ದೊಡ್ಡ ಊರಿನಲ್ಲಿ ನನ್ನ ಮಗಳನ್ನು ನೋಡಿ ಕರುಬುವವರು ಒಬ್ಬರೂ ಇಲ್ಲವೇ? ಗದಗಿನ ನಮ್ಮ ಓಣಿಯಲ್ಲಿ, ಬೆಂಗಳೂರು ಸೇರಿದರು, ಬ್ಯಾಲೆ ಕಲಿಯುತ್ತಾಳಂತೆ ಎಂದು ನಮ್ಮ ಮೇಲೆ ಎಷ್ಟು ಕಣ್ಣುಗಳಿವೆ.

ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತ ಮೇಘಾ ಅಂದಳು: "ಅಮ್ಮ, ಆ ಶೂ ಈಗ ಬೇಡ. ಮೊದ್ಲು ಬಾರ್ ಬಿಟ್ಟು ನಿಲ್ಲೋದು ಕಲೀತೀನಿ. ಲಿಖಿತಾ ಹೇಳ್ಕೊಡ್ತಾಳೆ."

ಊರಿಗೆ ಹೋಗುವ ಮಾತನ್ನು ನಾನು ಇನ್ನೂ ಎತ್ತಿರಲಿಲ್ಲ. ಆಗಲೇ ಇಬ್ಬರೂ ಪಡಸಾಲೆಯ ನಡುವೆ, ಗೋಡೆಯಿಂದ ದೂರ ಹೋಗಿ ನಿಂತಿದ್ದರು. ಫೋನ್ ಬಡಿದುಕೊಂಡಿತು.

"ಹೇಳಿದ್ಯಾ ಆಕಿಗೆ?" ಗಂಡ ಕೇಳಿದರು. "ಯಾವಾಗ ಬರ್ತೀರಿ?"

ಮೇಘಾ ಕೈಗಳನ್ನು ಬದಿಗೆ ಚಾಚಿ ಹಿಮ್ಮಡಿ ಎತ್ತಿದಳು. ಅವಳ ಉದ್ದ ಕಾಲುಗಳು ತೊನೆದವು. ಲಿಖಿತಾಳ ಅಂಗೈ ಅವಳ ಬೆನ್ನ ಹಿಂದೆ, ಮುಟ್ಟದೆ, ಬಿದ್ದರೆ ಹಿಡಿಯುವಷ್ಟು ಹತ್ತಿರ ನಿಂತಿತ್ತು. ಆ ಅಂಗೈ ನನ್ನದಾಗಬೇಕಿತ್ತು. ಎಲ್ಲಿ ಹಿಡಿಯಬೇಕೆಂದು ನನಗೆ ಗೊತ್ತಿಲ್ಲ.

"ಸದ್ಯಕ್ಕ ಬರೂದಿಲ್ರಿ," ಎಂದೆ. "ಆಕಿ ನಿಂದ್ರೂದು ಕಲಿಯಾಕತ್ತಾಳ."