ಹಿತ್ತಾಳೆ ಡಬ್ಬಿಯ ನಿಂಬೆಹುಳಿ

ಅಕ್ಕನಿಗೆ ಎರಡನೆಯ ಹೆರಿಗೆಯಾಗಿ ಅವಳು ನಮ್ಮ ರಾಜಾಜಿನಗರದ ಮನೆಯ ಒಳಕೋಣೆಯಲ್ಲಿ ಬಾಣಂತಿಯಾಗಿ ಮಲಗಿದ್ದಳು. ಅವಳ ಏಳು ವರ್ಷದ ಮೊದಲ ಮಗಳಿಗೆ ಶಾಲೆಯ ಬುತ್ತಿ ಕಟ್ಟುವ ಕೆಲಸ ನನ್ನದಾಯಿತು. ನಾನು ಬಿ.ಎಸ್ಸಿ. ಮುಗಿಸಿ ಫಲಿತಾಂಶಕ್ಕೆ ಕಾಯುತ್ತಿದ್ದೆ. ಕೈ ಸುಮ್ಮನಿದ್ದರೆ ಮನಸ್ಸು ಓಡುತ್ತಿತ್ತು.

ಈ ದೊಡ್ಡ ಮಗುವಿನ ಕಣ್ಣಿನ ರೆಪ್ಪೆ ಮಡಿಸಿ ನೋಡಿದ ಡಾಕ್ಟರು ರಕ್ತ ಕಡಿಮೆ ಎಂದಿದ್ದರು. ಸೇಬು, ದ್ರಾಕ್ಷಿ ಕೊಡಿ ಎಂದರು. ಅದೆಲ್ಲ ನಮ್ಮ ಮನೆಯಲ್ಲಿ ಜ್ವರ ಬಂದವರಿಗೆ ಮಾತ್ರ. ಕುರುಬರಹಳ್ಳಿಯಿಂದ ಬುಟ್ಟಿ ಹೊತ್ತು ಬರುತ್ತಿದ್ದ ಹೆಂಗಸಿನ ನುಗ್ಗೆಸೊಪ್ಪು ಮತ್ತು ಮನೆಯ ರಾಗಿ ಸಾಕು, ಒಂದು ತಿಂಗಳಲ್ಲಿ ಕೆನ್ನೆಗೆ ಬಣ್ಣ ತರಿಸುತ್ತೇನೆ ಎಂದು ನಾನು ಅಮ್ಮನಿಗೆ ಹೇಳಿಬಿಟ್ಟೆ. ಹೇಳಿದ ಮೇಲೆ ನಿದ್ದೆ ಸರಿಯಾಗಿ ಬರಲಿಲ್ಲ.

ಮೊದಲ ವಾರ ಸೊಪ್ಪು ಕಲಸಿದ ರಾಗಿ ರೊಟ್ಟಿ. ಮಧ್ಯಾಹ್ನದ ಹೊತ್ತಿಗೆ ಹಂಚಿನಂತಾಗುತ್ತದೆ ಎಂದು ಅರ್ಧ ವಾಪಸು ಬರುತ್ತಿತ್ತು. ಒಳಕೋಣೆಯಿಂದ ಅಕ್ಕ ದಿನಾ ಸಂಜೆ ಕೇಳುತ್ತಿದ್ದಳು, "ಮಗು ಪೂರ್ತಿ ತಿಂತೇನೇ?" ನಾನು ಬುತ್ತಿಯ ಹಿತ್ತಾಳೆ ಡಬ್ಬಿಯನ್ನು ಸದ್ದು ಮಾಡುತ್ತಾ ತೊಳೆಯುತ್ತಿದ್ದೆ.

ಆಮೇಲೆ ನುಗ್ಗೆಸೊಪ್ಪಿನ ಚಿತ್ರಾನ್ನ ಮಾಡಿದೆ. ನಿಂಬೆಹುಳಿಯಲ್ಲಿ ಜೀವಸತ್ವವಿದೆ ಎಂದು ಒಂದು ಹಣ್ಣು ಪೂರ್ತಿ ಹಿಂಡಿದೆ.

ಅಂದು ಸಂಜೆ ಮಗು ನಾಲಿಗೆ ಉಜ್ಜಿಕೊಳ್ಳುತ್ತಾ ಬಂತು. "ಚಿಕ್ಕಮ್ಮ, ಬಾಯಲ್ಲಿ ಕಾಸಿಟ್ಕೊಂಡಂಗಿತ್ತು."

"ಸೊಪ್ಪು ಅಂದ್ರೆ ಹಂಗೇ ಕಣೇ. ಔಷಧಿ ಅನ್ಕೊಂಡು ತಿನ್ನು. ನಾಳೆ ಒಂದಗುಳೂ ಬಿಡಬಾರದು."

ಅದು ಹೇಳಿದ್ದು ಕೇಳುವ ಮಗು. ಮರುದಿನವೂ ಕಟ್ಟಿದ ಅದೇ ಚಿತ್ರಾನ್ನದಲ್ಲಿ ಒಂದಗುಳೂ ಬಿಡಲಿಲ್ಲ. ಎರಡು ಗಂಟೆಗೆ ಶಾಲೆಯ ಆಯಾ ಅದನ್ನು ಹೆಗಲ ಮೇಲೆ ಹಾಕಿಕೊಂಡು ಬಂದಳು. "ಮೂರು ಸಲ ಕಕ್ಕಿತು ಕಣ್ರವ್ವಾ. ಏನು ಕಟ್ಟಿದ್ರಿ?"

ಅಮ್ಮ ಡಬ್ಬಿಯ ಒಳಗೆ ಬೆರಳು ಸವರಿ ಬೆಳಕಿಗೆ ಹಿಡಿದಳು. ಬೆರಳ ತುದಿ ನೀಲಿಹಸಿರಾಗಿತ್ತು. "ಕಲಾಯಿ ಎಲ್ಲೇ ಇದೆ ಇದಕ್ಕೆ? ಹಿತ್ತಾಳೆಗೆ ಹುಳಿ ಹಾಕಬಾರದು ಅಂತ ಕಸ ಗುಡಿಸೋಳಿಗೂ ಗೊತ್ತು. ಕಾಲೇಜಲ್ಲಿ ಅದೇನೇ ಓದಿದ್ದು?"

ರಸಾಯನಶಾಸ್ತ್ರ. ಆಮ್ಲ ಹಿತ್ತಾಳೆಯಲ್ಲಿರುವ ತಾಮ್ರಕ್ಕೆ ಏನು ಮಾಡುತ್ತದೆಂದು ಪರೀಕ್ಷೆಯಲ್ಲಿ ಸಮೀಕರಣ ಸಮೇತ ಬರೆದಿದ್ದೆ. ಡಬ್ಬಿಯೊಳಗಿನ ಕಿಲುಬು ಸೊಪ್ಪಿನ ಹಸಿರಿನಲ್ಲಿ ಕಂಡಿರಲಿಲ್ಲ, ಅಷ್ಟೇ. ಮಗು ಬಾಯಿಬಿಟ್ಟು ಹೇಳಿದ್ದನ್ನೂ ಕೇಳಿಸಿಕೊಳ್ಳಲಿಲ್ಲ.

ಡಾಕ್ಟರು ಬಂದು, ಕಕ್ಕಿದ್ದೇ ಒಳ್ಳೆಯದಾಯಿತು, ಇನ್ನು ಭಯವಿಲ್ಲ ಎಂದರು. ಆದರೆ ಮಗು ನಾನು ಕೊಟ್ಟ ಗಂಜಿಯನ್ನು ಮುಟ್ಟಲಿಲ್ಲ. ಅಮ್ಮ ಅದೇ ಲೋಟವನ್ನು ಹಿಡಿದಾಗ ಕುಡಿಯಿತು. ಎರಡು ದಿನ ಹೀಗೇ ನಡೆಯಿತು. ನಾನು ಕಲಾಯಿಯವನು ಬರುತ್ತಾನೇನೋ ಎಂದು ಬಾಗಿಲಿಗೂ ಬೇಲಿಗೂ ನಡುವೆ ಓಡಾಡುತ್ತಿದ್ದೆ.

ಮೂರನೆಯ ದಿನ ಕಲಾಯಿಯವನ ಕೂಗು ಕೇಳಿ ಚಪ್ಪಲಿ ಹಾಕಿಕೊಳ್ಳದೆ ಓಡಿದೆ. ಅವನು ತಿದಿ ಒತ್ತಿ, ಕಾದ ಡಬ್ಬಿಗೆ ತವರ ಸವರಿ ಅರಿವೆಯಿಂದ ಉಜ್ಜುವವರೆಗೂ ಪಕ್ಕದಲ್ಲೇ ನಿಂತೆ. "ಕೂತ್ಕೊಳ್ಳಿ ಅಕ್ಕಾ, ಡಬ್ಬಿ ಎತ್ಕೊಂಡು ಓಡಿಹೋಗಲ್ಲ ನಾನು" ಎಂದು ಅವನು ನಕ್ಕ. ಮೂಲೆಯಲ್ಲಿ ಇನ್ನೊಂದು ಸಲ ಸವರಿ ಎಂದೆ.

ಮಗು ಮತ್ತೆ ಶಾಲೆಗೆ ಹೊರಟ ಬೆಳಿಗ್ಗೆ ರಾಗಿ ಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿ ಮೆತ್ತಗಿನ ರೊಟ್ಟಿ ತಟ್ಟಿದೆ. ತುಪ್ಪ ಸವರಿ, ಬಾಳೆಎಲೆಯಲ್ಲಿ ಸುತ್ತಿ ಡಬ್ಬಿಗಿಟ್ಟೆ. ಹುಳಿಯ ಹತ್ತಿರವೂ ಸುಳಿಯಲಿಲ್ಲ. ಮಗು ಡಬ್ಬಿಯನ್ನು ಮೂಸಿ ನೋಡಿ, ನನ್ನ ಮುಖ ನೋಡಿತು.

"ನೀನು ಮೊದ್ಲು ತಿನ್ನು."

"ಎಂಜಲು ಮಾಡಿ ಕಟ್ತಾರೇನೇ ಯಾರಾದ್ರೂ?" ಎಂದು ಅಮ್ಮ ಒಲೆಯ ಮುಂದಿನಿಂದಲೇ ಗದರಿದಳು. ನಮ್ಮ ಮನೆಯಲ್ಲಿ ಒಬ್ಬರು ಕಚ್ಚಿದ್ದನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ.

ನಾನು ಡಬ್ಬಿಯೊಳಗಿನ ರೊಟ್ಟಿಯ ಅಂಚನ್ನು ಹಲ್ಲಿನಿಂದಲೇ ಕಚ್ಚಿದೆ. ನುಂಗುವವರೆಗೂ ಮಗು ನನ್ನ ಗಂಟಲನ್ನೇ ನೋಡುತ್ತಿತ್ತು. ನುಂಗಿದ ಮೇಲೂ ಸ್ವಲ್ಪ ಹೊತ್ತು ಕಾಯಿತು. ಆಮೇಲೆ ಮುಚ್ಚಳ ಹಾಕಿಕೊಂಡು ಹೋಯಿತು.

ಸಂಜೆ ಡಬ್ಬಿ ಖಾಲಿಯಾಗಿ ಬಂತು. ಅಕ್ಕ ಕೋಣೆಯಿಂದ ಕೇಳಿದಾಗ ಮಗುವೇ "ತಿಂದೆ" ಎಂದಿತು. ಅಕ್ಕ ಗಂಡನ ಮನೆಗೆ ಹೊರಡುವವರೆಗೂ ಪ್ರತಿ ಬೆಳಿಗ್ಗೆ ಮೊದಲ ತುತ್ತು ನನ್ನದೇ ಆಯಿತು. ಅಮ್ಮ ಅಷ್ಟು ಹೊತ್ತು ಒಲೆಯ ಕಡೆಗೆ ತಿರುಗಿ ನಿಲ್ಲುತ್ತಿದ್ದಳು.