ನಡುಗುವ ಹಲಗೆಯ ಮೇಲೆ ಅವ್ವ

ತಿಪಟೂರಿನಲ್ಲಿ ನಮ್ಮ ಮನೆಗೆ ಎರಡು ಬೀದಿ ಆಚೆ ಹೆಂಗಸರಿಗೆಂದೇ ಒಂದು ವ್ಯಾಯಾಮ ಕೇಂದ್ರ ತೆರೆದಾಗ ಮೊದಲು ಸೇರಿದವರಲ್ಲಿ ನಾನೂ ಒಬ್ಬಳು. ಅಲ್ಲಿ ತೂಕದ ಯಂತ್ರದ ಹಾಗೆ ಕಾಣುವ, ಅದಕ್ಕಿಂತ ಅಗಲವಾದ ಒಂದು ಹಲಗೆ ಇದೆ. ಅದರ ಮೇಲೆ ಮಂಡಿ ಸ್ವಲ್ಪ ಬಗ್ಗಿಸಿ ನಿಂತು ಗುಂಡಿ ಒತ್ತಿದರೆ ಗುರ್ರೆಂದು ನಡುಗುತ್ತದೆ. ಪಾದದಿಂದ ತೊಡೆಯವರೆಗೆ ಸ್ನಾಯುಗಳೆಲ್ಲ ಬಿಗಿಯುತ್ತವೆ. ಕಾಲಿಗೆ ಬಲ ಬರುತ್ತದೆ, ಬಿಗಿತ ಸಡಿಲವಾಗುತ್ತದೆ ಎಂದು ಅಲ್ಲಿನ ಫಿಸಿಯೋಥೆರಪಿ ಹುಡುಗಿ ಹೇಳಿದ್ದಳು. ಪಾಠ ಮಾಡಲು ಹೋಗುವ ನಾನು ಕಾಲೇಜಿನ ಮೆಟ್ಟಿಲಲ್ಲಿ ಕಂಬಿ ಹಿಡಿಯುವುದು ಎರಡು ತಿಂಗಳಲ್ಲಿ ತಪ್ಪಿತು. ಸುಮ್ಮನಿರುವ ಜಾಯಮಾನವೇ ನನ್ನದು? ಕಂಡಕಂಡವರಿಗೆಲ್ಲ ಹೇಳಿದೆ. ಅವ್ವನಿಗೂ ಹೇಳಿದೆ.

ಅವ್ವ ಹಂದನಕೆರೆ ಕಡೆಯ ಹಳ್ಳಿಯಲ್ಲಿ ನಮ್ಮಣ್ಣನ ಸಂಸಾರದ ಜೊತೆ ಇದ್ದಾಳೆ. ಬೇರೆಯವರ ಅಂಗಳದಲ್ಲಿ ದಿನವಿಡೀ ಕುಕ್ಕರಗಾಲಲ್ಲಿ ಕೂತು, ಕರಟ ಒಡೆದು ಕೊಬ್ಬರಿ ಬಿಡಿಸಿ ನನ್ನನ್ನು ಓದಿಸಿದವಳು. ಆ ಮಂಡಿಗಳು ಈಗ ಕೈಕೊಟ್ಟಿದ್ದವು. ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕು.

"ಯಾರ ಕೈನೂ ಹಿಡೀದೆ ಎದ್ದು ನಿಂತ್ಕಂಡ್ರೆ ಸಾಕು ಕಣೇ, ಇನ್ನೇನೂ ಬ್ಯಾಡ. ಆ ಮಿಷಿನ್ನು ನಂಗೂ ಆಯ್ತದಾ?" ಎಂದು ಕೇಳಿದಳು. ಡಾಕ್ಟರೂ "ಆಗಬಹುದು" ಎಂದ ಮೇಲೆ ಅವಳನ್ನು ತಿಪಟೂರಿನ ನಮ್ಮ ಮನೆಗೆ ಕರೆತಂದೆ.

ಮೊದಲ ದಿನ ಅವ್ವ ಹಲಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹುಡುಗಿ "ಮಂಡಿ ಬಗ್ಗಿಸಿ ಅಜ್ಜಿ" ಎಂದಿದ್ದೇ ತಡ, ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಕೊಬ್ಬರಿ ಬಿಡಿಸಲು ಕೂರುವ ಹಾಗೆ ಹಲಗೆಯ ಮೇಲೆ ಕುಕ್ಕರಿಸಿಬಿಟ್ಟಳು. ಅಷ್ಟರಲ್ಲಿ ಯಂತ್ರ ಶುರುವಾಯಿತು.

"ಅಯ್ಯಯ್ಯೋ! ಒಣಗೈತಾ ಅಂತ ಕಾಯಿನ ಕಿವಿ ಹತ್ರ ಅಲ್ಲಾಡಿಸ್ತೀವಲ್ಲ, ಹಂಗೆ ಅಲ್ಲಾಡಿಸ್ತೈತಲ್ಲವ್ವ ಇದು!"

ಹುಡುಗಿ ಯಂತ್ರ ನಿಲ್ಲಿಸಿದಳು. ಟ್ರ್ಯಾಕ್ ಪ್ಯಾಂಟಿನ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಅವ್ವನ ಒಡೆದ ಹಿಮ್ಮಡಿ, ಕರಟದ ಕಲೆ ಹೋಗದ ಬೆರಳು, ಎಲ್ಲ ಎಲ್ಲರ ಕಣ್ಣಿಗೂ ಬಿದ್ದವು. ನಮ್ಮದು ದೊಡ್ಡ ತೋಟದ ಮನೆತನ ಎಂದು ನಾನು ಅವರ ಮುಂದೆ ಕೊಚ್ಚಿಕೊಂಡಿದ್ದೆ.

"ಯಾರ್ರೀ ಇವ್ರು?" ಎಂದರು ಪಕ್ಕದವರು.

"ನಮ್ಮ ತೋಟದ ಕೆಲಸಕ್ಕೆ ಬರೋರು. ಪಾಪ" ಎಂದೆ.

ಆ 'ಪಾಪ'ವನ್ನೂ ಸೇರಿಸಿದೆ. ಥೂ, ನನ್ನ ಜನ್ಮಕ್ಕೆ! "ಎಂಥ ಒಳ್ಳೇ ಮನಸ್ಸು ರೀ ನಿಮ್ದು" ಎಂದು ಅವರು ಹೊಗಳಿದರು. ಹುಡುಗಿಯ ಕೈ ಹಿಡಿದು ಏಳುತ್ತಿದ್ದ ಅವ್ವ ನನ್ನ ಕಡೆ ನೋಡಿದಳು. ಒಂದು ಗಳಿಗೆ ಅಷ್ಟೇ. ಆಮೇಲೆ, "ಇನ್ನೊಂದ್ಸಲ ನಿಂತ್ಕಳ್ಲಾ ಅಮ್ಮಾವ್ರೇ?" ಎಂದು ನನ್ನನ್ನೇ ಕೇಳಿದಳು.

ಎರಡೇ ಬೀದಿಯಾದರೂ ಅವಳ ಮಂಡಿಗೆಂದು ಆಟೋ ಹಿಡಿದೆ. ಆಟೋದಲ್ಲಿ ಅವಳು ಏನೂ ಆಗದ ಹಾಗೆ, "ಸಂಜೆಗೆ ಉಪ್ಸಾರು ಮಾಡಾನ ಕಣೇ" ಎಂದಳು. ಒಂದೂವರೆ ತಿಂಗಳು ಹೀಗೇ ನಡೆಯಿತು. ಕೇಂದ್ರದ ಬಾಗಿಲ ಒಳಗೆ ನಾನು ಅಮ್ಮಾವ್ರು, ಹೊರಗೆ ಮಗಳು. ಬೈದಿದ್ದರೆ, ಕೆನ್ನೆಗೆ ಒಂದು ಬಿಟ್ಟಿದ್ದರೆ ಹಗುರಾಗುತ್ತಿದ್ದೆನೋ ಏನೋ. ಬೈಯಲಿಲ್ಲ. ನಾಚಿಕೆಗೇಡಿನ ಸಂಗತಿಯೆಂದರೆ, ಕೊನೆಕೊನೆಗೆ ನನಗೆ ಅದು ಅಭ್ಯಾಸವೇ ಆಗಿಹೋಯಿತು.

ಕಡೆಯ ದಿನ ಹುಡುಗಿ ಅವಳನ್ನು ಗಿಡ್ಡ ಮಣೆಯ ಮೇಲೆ ಕೂರಿಸಿ, ಏನನ್ನೂ ಹಿಡಿಯದೆ ಏಳಲು ಹೇಳಿದಳು. ಅವ್ವ ಕೈಗಳನ್ನು ಎದೆಗೆ ಕಟ್ಟಿಕೊಂಡಳು. ಮುಂದಕ್ಕೆ ಬಾಗಿದಳು. ತೊಡೆ ನಡುಗಿತು. ಎದ್ದು ನಿಂತೇಬಿಟ್ಟಳು! ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ತಡೆಯಲಾಗಲಿಲ್ಲ.

"ಇವಳು ನಮ್ಮವ್ವ" ಎಂದೆ, ಜೋರಾಗಿಯೇ.

ಚಪ್ಪಾಳೆ ನಿಂತಿತು. ಪಕ್ಕದವರು ನನ್ನನ್ನೂ ಅವಳನ್ನೂ ದಿಟ್ಟಿಸಿದರು. ಅವ್ವ ನಕ್ಕಳು.

"ಅಯ್ಯೋ, ಅಮ್ಮಾವ್ರು ಹಂಗೇ ಕಣವ್ವ. ಕೆಲ್ಸದೋರ್ನೂ ಅವ್ವ ಅಂತಾರೆ. ದೊಡ್ಡ ಮನ್ಸು."

ಅವರು ನನ್ನನ್ನು ಮತ್ತೆ ಹೊಗಳಿದರು. ನಿಜವಾಗಿಯೂ ನಮ್ಮವ್ವನೇ ಎಂದು ನಾನು ಇನ್ನೊಮ್ಮೆ ಹೇಳಲಿಲ್ಲ. ಬಾಗಿಲ ಹೊರಗೆ ಮೂರು ಮೆಟ್ಟಿಲಿವೆ. ಅಲ್ಲಿ ಕೈ ಚಾಚಿದೆ.

"ಬ್ಯಾಡ ಬುಡು. ಈಗ ನಾನೇ ಇಳೀತೀನಿ" ಎಂದು ಅವ್ವ ನನ್ನ ಕೈ ಮುಟ್ಟದೆ ಇಳಿದು ಹೋದಳು.